ಮಗಳಿಗೆ ಸೀಲಿಯಾಕ್, ಗೋಧಿ ಇಲ್ಲದ ಕೇಕ್ ಇಟ್ಟಿಗೆಯಾಗುತ್ತಿದೆ. ಯಾರನ್ನು ಕೇಳಲಿ?

ಏಳು ವರ್ಷದ ಮಗಳಿಗೆ ಸೀಲಿಯಾಕ್ (ಗೋಧಿ, ಜವೆಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ತಿಂದರೆ ಕರುಳು ಹಾಳಾಗುವ ಕಾಯಿಲೆ) ಅಂತ ಈಗಷ್ಟೇ ಗೊತ್ತಾಗಿದೆ, ಮುಂದಿನ ತಿಂಗಳು ಹುಟ್ಟುಹಬ್ಬ, ಮಾಡಿದ ಕೇಕೆಲ್ಲ ಇಟ್ಟಿಗೆ, ಅತ್ತೆ "ಒಂದು ಚೂರು ತಿಂದರೆ ಏನಾಗತ್ತೆ" ಅಂತಾರೆ, ಹೇಳಿಕೊಳ್ಳೋಕೆ ಯಾರೂ ಇಲ್ಲ ಎಂದು ಬರೆದಿದ್ದೀರಿ. ಕೊನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಅದೊಂದು ಸರಿಹೋದರೆ ಕೇಕೂ ಬೇಗ ಸರಿಹೋಗುತ್ತದೆ.

ನಾನು ಮೈಸೂರಿನವಳು. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದೆ, ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಿ ಇದೇ ಕಾಯಿಲೆ ಅಂತ ತಿಳಿಯಿತು. ನಮ್ಮ ಕಡೆ ಈ ಹೆಸರು ಕೇಳಿದವರೇ ಕಡಿಮೆ. ಉತ್ತರ ಭಾರತದಲ್ಲಿ ರೋಗಿಗಳು ಹೆಚ್ಚು, ಅಲ್ಲಿ ಮೂರು ಹೊತ್ತೂ ಚಪಾತಿ. ಹಾಗಾಗಿ ಊರಿನಲ್ಲಿ ಸಿಗದ ಜೊತೆ ನನಗೆ ಆನ್‌ಲೈನಿನಲ್ಲಿ ಸಿಕ್ಕಿತು. ಐದಾರು ಜನ ಹೆಂಗಸರ ಪುಟ್ಟ ವಾಟ್ಸಾಪ್ ಗುಂಪು ನಮ್ಮದು. ಹುಬ್ಬಳ್ಳಿಯವಳೊಬ್ಬಳು, ಮೆಲ್ಬರ್ನ್‌ನಲ್ಲಿ ಇರುವವಳೊಬ್ಬಳು, ಉಳಿದವರು ಬೆಂಗಳೂರು, ಪುಣೆ ಕಡೆಯವರು. ಅರ್ಧ ಬೇಕಿಂಗ್, ಅರ್ಧ ಗೋಳು. ಕೆಲಸದವಳು ಬರಲಿಲ್ಲ, ಅಮ್ಮನಿಗೆ ಮಂಡಿನೋವು, ಗಂಡ ಮತ್ತೆ ಅದೇ ಮರದ ಲಟ್ಟಣಿಗೆಯಲ್ಲಿ ಚಪಾತಿ ಒತ್ತಿದ, ಇಂಥವೇ. ಒಬ್ಬಳ ಮಗ ಕ್ಲಾಸಿನಲ್ಲಿ ಯಾರದೋ ಹುಟ್ಟುಹಬ್ಬದ ದಿನ ಕೇಕ್ ಕೈಯಲ್ಲಿ ಹಿಡಿದು ತಿನ್ನದೆ ಮನೆಗೆ ತಂದನಂತೆ. ಆ ರಾತ್ರಿ ಯಾರೂ ಉಪದೇಶ ಮಾಡಲಿಲ್ಲ, ಅವಳು ಮಲಗುವ ತನಕ ಸುಮ್ಮನೆ ಹರಟಿದೆವು. ಮಾರನೇ ದಿನ ಬೆಳಿಗ್ಗೆ ಪುಣೆಯವಳು ಉಪಾಯ ಹೇಳಿದಳು. ಕಪ್‌ಕೇಕ್ ಮಾಡಿ ಒಂದೊಂದನ್ನೇ ಸುತ್ತಿ ಫ್ರೀಜರಿನಲ್ಲಿಡು, ಟೀಚರಿಗೆ ಹೇಳಿ ಕ್ಲಾಸಿನ ಹುಟ್ಟುಹಬ್ಬಗಳ ಪಟ್ಟಿ ಇಸ್ಕೊ, ಆ ದಿನ ಡಬ್ಬಿಗೆ ಒಂದು ಹಾಕು. ಗ್ಲುಟನ್ ಇಲ್ಲದ ಕೇಕ್ ಎರಡನೇ ದಿನಕ್ಕೇ ಒಣಗುತ್ತದೆ, ಆದ್ದರಿಂದ ಫ್ರೀಜರೇ ಸರಿ. ನೀವೂ ಹೀಗೇ ಮಾಡಿ.

ನಮ್ಮಲ್ಲಿ ಕಟ್ಟುನಿಟ್ಟಾದ ನಿಯಮ ಒಂದೇ: ಔಷಧಿ, ಪರೀಕ್ಷೆಯ ಮಾತು ಡಾಕ್ಟರ ಹತ್ತಿರ, ಹಿಟ್ಟಿನ ಮಾತು ನಮ್ಮ ಹತ್ತಿರ. ಅದಕ್ಕೇ ಇದನ್ನು ಡಾಕ್ಟರನ್ನು ಕೇಳಿ: ಮಗುವಿಗೆ ಸೀಲಿಯಾಕ್ ಇದ್ದರೆ ಅಪ್ಪ, ಅಮ್ಮ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಗಳ ಜೊತೆಗೆ ಅಂತ ನೀವೂ ಗೋಧಿ ಬಿಟ್ಟಿದ್ದರೆ ರಿಪೋರ್ಟ್ ತಪ್ಪಾಗಿ ನೆಗೆಟಿವ್ ಬರಬಹುದು. ಬಿಡುವ ಮೊದಲೇ ರಕ್ತ ಕೊಟ್ಟುಬಿಡಿ.

ಅತ್ತೆಯ ಜೊತೆ ನೀವು ವಾದಕ್ಕೆ ಇಳಿಯಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅದೇ ಪ್ರಶ್ನೆಯನ್ನು ಅವರೇ ಕೇಳಲಿ. ಇದೆಲ್ಲ ಈಗಿನವರ ಫ್ಯಾಷನ್ ಅನ್ನುವವರಿಗೆ ನಾನು ವಿಲ್ಲೆಮ್ ಡಿಕ್ಕೆಯ ಕಥೆ ಹೇಳುತ್ತೇನೆ. ಈತ ನೆದರ್ಲೆಂಡ್ಸಿನ ಮಕ್ಕಳ ಡಾಕ್ಟರ್, ಗೋಧಿಯ ಮೇಲೆ ಮೊದಲಿನಿಂದಲೂ ಅನುಮಾನ ಇಟ್ಟುಕೊಂಡಿದ್ದವನು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡೇ ಸಿಗದಂತಾಯಿತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು, ಬ್ರೆಡ್ ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಇನ್ನು "ಒಂದು ಚೂರು" ಎಷ್ಟು ಅಂತ ಲೆಕ್ಕ ಬೇಕಾದರೆ, ಒಂದು ಕಿಲೋ ಪದಾರ್ಥದಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರಿದರೆ ನಮ್ಮ ದೇಶದಲ್ಲಿ ಅದಕ್ಕೆ ಗ್ಲುಟನ್ ಫ್ರೀ ಅಂತ ಲೇಬಲ್ ಹಾಕುವಂತಿಲ್ಲ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಒಂದು ಚಮಚ ಅಂದರೂ ಬೇಡ ಅನ್ನುವುದು ಇದಕ್ಕೇ. ಪ್ರಸಾದಕ್ಕೆ ಬಾಳೆಹಣ್ಣು, ಸಕ್ಕರೆ ಇದ್ದೇ ಇದೆಯಲ್ಲ.

ನಮ್ಮ ಊಟದಲ್ಲಿ ಗ್ಲುಟನ್ ತೊಂದರೆ ಕಡಿಮೆ. ಮುದ್ದೆ, ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಇಡ್ಲಿ, ನೀರುದೋಸೆ ಎಲ್ಲ ತಿನ್ನಬಹುದು. ಸಿಕ್ಕಿಬೀಳುವುದು ಕಣ್ಣಿಗೆ ಕಾಣದ ಕಡೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ, ಆಮೇಲೆ ಅದು ಸಾರಿಗೂ ಉಪ್ಪಿನಕಾಯಿಗೂ ಹೋಗುತ್ತದೆ. ಫ್ಲೋರ್ ಮಿಲ್‌ನಲ್ಲಿ ನಿಮ್ಮ ಹಿಂದಿನವರು ಗೋಧಿ ಬೀಸಿಸಿದ್ದರೆ ನಿಮ್ಮ ರಾಗಿಯಲ್ಲೂ ಗೋಧಿ. ನಾನು ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯುತ್ತೇನೆ. ಜರಡಿಯೂ ಬೇರೆಯದೇ ಇರಲಿ, ಹಳೆಯದರ ಕಣ್ಣುಗಳಲ್ಲಿ ಸಿಕ್ಕಿದ ಮೈದಾ ಎಷ್ಟು ತೊಳೆದರೂ ಹೋಗುವುದಿಲ್ಲ. ಮಕ್ಕಳು ಆಡುವ ಬಣ್ಣದ ಹಿಟ್ಟಿನಲ್ಲೂ ಗೋಧಿ ಇರಬಹುದು, ನೋಡಿಕೊಳ್ಳಿ.

ಈಗ ನಿಮ್ಮ ಇಟ್ಟಿಗೆ. ಮೈದಾದ ರೆಸಿಪಿಯಲ್ಲಿ ಮೈದಾ ತೆಗೆದು ಅಷ್ಟೇ ಅಕ್ಕಿಹಿಟ್ಟು ಹಾಕಿದ್ದೀರಿ ಅಂತ ಕಾಣುತ್ತದೆ. ಬೇಕಿಂಗ್ ಪೌಡರಿನಿಂದ ಹುಟ್ಟಿದ ಗಾಳಿಯನ್ನು ಮೈದಾದಲ್ಲಿ ಗ್ಲುಟನ್ನಿನ ಬಲೆ ಹಿಡಿದಿಡುತ್ತದೆ. ಅಕ್ಕಿಯಲ್ಲಿ ಆ ಬಲೆ ಇಲ್ಲ, ಗಾಳಿ ಹೋಗುತ್ತದೆ, ಕೇಕ್ ಕೂರುತ್ತದೆ. ಆ ಕೆಲಸವನ್ನು ಮೊಟ್ಟೆಗೂ ಇಸಬ್‌ಗೋಲಿಗೂ ವಹಿಸಬೇಕು. ಹೌದು, ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆ ಕೊಡುವ ಅದೇ ಇಸಬ್‌ಗೋಲ್, ರುಚಿ ಬಣ್ಣ ಸೇರಿಸದ್ದು.

ನಾನು ಮಾಡುವ ಅಳತೆ ಇದು. ನುಣ್ಣನೆಯ ಅಕ್ಕಿಹಿಟ್ಟು 100 ಗ್ರಾಂ, ರಾಗಿಹಿಟ್ಟು 60, ಕಾರ್ನ್‌ಫ್ಲೋರ್ 40, ಕೋಕೋ 30, ಪುಡಿ ಮಾಡಿದ ಇಸಬ್‌ಗೋಲ್ ಒಂದು ಟೀ ಚಮಚ, ಚಿಟಿಕೆ ಉಪ್ಪು. ಇನ್ನೊಂದು ಪಾತ್ರೆಯಲ್ಲಿ ಮೂರು ಮೊಟ್ಟೆ, 180 ಗ್ರಾಂ ಸಕ್ಕರೆ, 120 ಮಿಲಿ ಎಣ್ಣೆ, 200 ಮಿಲಿ ಹುಳಿಯಿಲ್ಲದ ಮೊಸರು ಚೆನ್ನಾಗಿ ಕಲಕಿ. ಎರಡನ್ನೂ ಸೇರಿಸಿ ಅರ್ಧ ಗಂಟೆ ಮುಚ್ಚಿಡಿ. ಈ ಅರ್ಧ ಗಂಟೆ ಬಿಡಲೇಬೇಡಿ, ಅಕ್ಕಿಹಿಟ್ಟು ನೀರು ಕುಡಿಯಲು ಸಮಯ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಕ್ಕಿದಂತಾಗುತ್ತದೆ. ತುಂಬ ಗಟ್ಟಿಯಾಗಿದ್ದರೆ ಸ್ವಲ್ಪ ಹಾಲು ಬಿಟ್ಟು ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಬೇಕಿಂಗ್ ಪೌಡರ್ ಎರಡು ಟೀ ಚಮಚ, ಅದು ಕೊನೆಗೆ, ಟಿನ್ನಿಗೆ ಸುರಿಯುವ ಮುಂಚೆ. 170 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಹಿಟ್ಟುಗಳನ್ನು ಕಪ್ಪಿನಲ್ಲಿ ಅಳೆಯಬೇಡಿ, ರಾಗಿಯ ಕಪ್ಪೂ ಕಾರ್ನ್‌ಫ್ಲೋರಿನ ಕಪ್ಪೂ ಒಂದೇ ತೂಕ ಬರುವುದಿಲ್ಲ. ಒಂದು ಪುಟ್ಟ ತಕ್ಕಡಿ ಕೊಳ್ಳಿ.

ನಿಮ್ಮದು ಮೊಟ್ಟೆ ತಿನ್ನದ ಮನೆಯಾದರೆ ದೊಡ್ಡ ಕೇಕಿನ ಆಸೆ ಸದ್ಯಕ್ಕೆ ಬಿಡಿ. ಕಪ್‌ಕೇಕ್ ಮಾಡಿ, ಎತ್ತರ ಕಡಿಮೆ ಇದ್ದಷ್ಟೂ ಕುಸಿಯುವುದು ಕಡಿಮೆ. ಎಂಟು ಹತ್ತನ್ನು ತಟ್ಟೆಯಲ್ಲಿ ಗುಂಡಗೆ ಜೋಡಿಸಿ ಮೇಲೆ ಕ್ರೀಮ್ ಬಳಿದರೆ ದೊಡ್ಡ ಕೇಕ್ ಎಲ್ಲಿ ಅಂತ ಮಕ್ಕಳು ಕೇಳುವುದೇ ಇಲ್ಲ.

ಇಷ್ಟಾದರೂ ಮೊದಲ ಸಲ ಕುಸಿಯಬಹುದು. ಹುಬ್ಬಳ್ಳಿಯವಳು ಆಗಾಗ ಒಂದು ಫೋಟೋ ಹಾಕಿ "ಮತ್ತ ನಡುವ ಕುಸದೈತಿ ನೋಡ" ಅಂತಾಳೆ. ನಾವು ಅಯ್ಯೋ ಪಾಪ ಅನ್ನುವುದಿಲ್ಲ, "ಒಳಗೆ ಒದ್ದೆಯಾ, ಪುಡಿಪುಡಿಯಾ?" ಅಂತ ಕೇಳುತ್ತೇವೆ. ನಡುವೆ ಕುಸಿದು ಒಳಗೆ ಒದ್ದೆ ಇದ್ದರೆ ಬೆಂದಿಲ್ಲ, ಇಲ್ಲವೇ ಬೇಕಿಂಗ್ ಪೌಡರ್ ಹೆಚ್ಚಾಗಿದೆ. ಪುಡಿಪುಡಿಯಾದರೆ ಇಸಬ್‌ಗೋಲ್ ಸಾಲದು. ಅಂಟಂಟಾಗಿದ್ದರೆ ಬಿಸಿಯಲ್ಲೇ ಕೊಯ್ದಿದ್ದೀರಿ, ಪೂರ್ತಿ ಆರುವ ತನಕ ಚಾಕು ಮುಟ್ಟಿಸಬೇಡಿ. ಮೆಲ್ಬರ್ನ್‌ನವಳ ರೆಸಿಪಿಗಳನ್ನು ಮಾತ್ರ ನಾವು ಎಚ್ಚರಿಕೆಯಿಂದ ತೆಗೆದುಕೊಳ್ಳುತ್ತೇವೆ, ಅಲ್ಲಿ ಸಿಗುವ ರೆಡಿ ಹಿಟ್ಟಿನ ಹದವೇ ಬೇರೆ. ಆದರೆ ಲೇಬಲ್ ಓದುವುದನ್ನು ಕಲಿಸಿದವಳು ಅವಳೇ. ಆಸ್ಟ್ರೇಲಿಯಾದಲ್ಲಿ ಓಟ್ಸಿಗೆ ಗ್ಲುಟನ್ ಫ್ರೀ ಅಂತ ಹಾಕುವಂತೆಯೇ ಇಲ್ಲವಂತೆ. ಇಲ್ಲಿ ಮಾಮೂಲಿ ಓಟ್ಸಿನಲ್ಲಿ ಗೋಧಿ, ಜವೆಗೋಧಿ ಬೆರೆತಿರುವುದುಂಟು, ಡಾಕ್ಟರು ಒಪ್ಪದೆ ಮಗಳಿಗೆ ಕೊಡಬೇಡಿ.

ಹುಟ್ಟುಹಬ್ಬದ ದಿನ ಬಂದ ಮಕ್ಕಳಿಗೆಲ್ಲ ಇದೇ ಕೇಕ್ ಕೊಡಿ, ಪಕ್ಕದಲ್ಲಿ ಬೇಕರಿಯದೊಂದು ಇಡಬೇಡಿ. ಒಂದೇ ಚಾಕು ಎರಡಕ್ಕೂ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ನಿಮ್ಮ ಮಗಳು ಎರಡನ್ನೂ ನೋಡುತ್ತಿರುತ್ತಾಳೆ. ಜೊತೆಗೆ ಪಾಪ್‌ಕಾರ್ನ್, ಪುಟ್ಟ ಇಡ್ಲಿ, ಇಂಗು ಹಾಕದೆ ಮನೆಯಲ್ಲೇ ಮಾಡಿದ ಚಕ್ಕುಲಿ ಸಾಕು. ಅದಕ್ಕೂ ಮೊದಲು ಒಂದು ಟ್ರಯಲ್ ಕೇಕ್ ಮಾಡಿ ಕೆಳಗೆ ಕಾಮೆಂಟಿನಲ್ಲಿ ಹಾಕಿ. ಫೋಟೋ ಕೊಯ್ದ ಬದಿಯದ್ದು ಇರಲಿ, ಮೇಲಿನಿಂದ ತೆಗೆದರೆ ಏನೂ ಗೊತ್ತಾಗುವುದಿಲ್ಲ.