ದುಬೈ ಕಾರು ಕುಂದಾಪುರಕ್ಕೆ ಬರುತ್ತದೆಯೇ? – ಆಮದು ವಾಹನ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯ ನಾನಾ ಅವತಾರಗಳು. ಮಸ್ಕತ್‌ನಿಂದ ಬಂದರೂ ಅದೇ, ದೋಹಾದಿಂದ ಬಂದರೂ ಅದೇ. ಹಾಗಾಗಿ ಒಬ್ಬರ ಪತ್ರವನ್ನು ಆರಿಸಿಕೊಂಡು ವಿವರವಾಗಿ ಉತ್ತರಿಸುತ್ತೇನೆ. ಉಳಿದವರಿಗೆ ಸಿಗುವುದು ಒಂದೆರಡು ಸಾಲು ಮಾತ್ರ.

ಪ್ರಶ್ನೆ: ಒಂಬತ್ತು ವರ್ಷಗಳಿಂದ ದುಬೈಯಲ್ಲಿದ್ದೇನೆ, ಮುಂದಿನ ವರ್ಷ ಕಾಯಂ ಆಗಿ ಕುಂದಾಪುರಕ್ಕೆ ಮರಳುತ್ತೇನೆ. ನನ್ನ ಲ್ಯಾಂಡ್ ಕ್ರೂಸರನ್ನೂ ತರುವ ಆಸೆ. ಬೆಲೆ 40,000 ಡಾಲರ್ ದಾಟಿರುವುದರಿಂದ ಹೋಮೊಲೊಗೇಷನ್ (ವಾಹನ ಇಲ್ಲಿನ ನಿಯಮಗಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ ಕೊಡುವ ಒಪ್ಪಿಗೆ) ಬೇಡ, ಸ್ಟೇರಿಂಗನ್ನು ಇಲ್ಲಿನ ಗ್ಯಾರೇಜಿನಲ್ಲೇ ಬಲಕ್ಕೆ ಬದಲಿಸಿಕೊಡುತ್ತೇವೆ, ಮಂಗಳೂರು ಬಂದರಿನಲ್ಲೇ ಇಳಿಸುತ್ತೇವೆ ಎಂದು ಏಜೆಂಟರು ಹೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಎಡ ಸ್ಟೇರಿಂಗಿಗೂ ಅವಕಾಶ ಕೊಟ್ಟಿದೆಯಂತೆ. ನಿಜವೇ?

ಉತ್ತರ: ಏಜೆಂಟರಿಗೆ ಮುಂಗಡ ಕೊಟ್ಟಿಲ್ಲ ಎಂದುಕೊಳ್ಳುತ್ತೇನೆ.

ನಿಮ್ಮ ಪತ್ರದಲ್ಲಿ ಕಾರಿನ ಬಣ್ಣವಿದೆ, ಸೀಟಿನ ಚರ್ಮದ ವರ್ಣನೆ ಇದೆ, ಓಡಿದ ಕಿಲೋಮೀಟರ್ ಲೆಕ್ಕವಿದೆ. ನನಗೆ ಬೇಕಾದ ಒಂದೇ ಒಂದು ಮಾಹಿತಿ ಇಲ್ಲ: ಅದು ತಯಾರಾದ ತಿಂಗಳು ಮತ್ತು ವರ್ಷ. ಬಳಸಿದ ವಾಹನ ತಯಾರಾಗಿ ಮೂರು ವರ್ಷ ಮೀರಿರಬಾರದು ಎಂಬುದು ನಿಯಮ. ನೀವು ಕೊಂಡ ದಿನದಿಂದಲ್ಲ, ದುಬೈಯಲ್ಲಿ ನೋಂದಾಯಿಸಿದ ದಿನದಿಂದಲೂ ಅಲ್ಲ. ಕಾರ್ಖಾನೆಯಿಂದ ಹೊರಬಿದ್ದಂದಿನಿಂದ ಲೆಕ್ಕ. ಇದೊಂದನ್ನೇ ನೋಡಿದ್ದರೆ ನನಗೆ ಪತ್ರ ಬರೆಯುವವರಲ್ಲಿ ಹೆಚ್ಚಿನವರು ಬರೆಯುತ್ತಲೇ ಇರಲಿಲ್ಲ.

ಈಗ 40,000 ಡಾಲರಿನ ಕಥೆ. ಈ ಅಂಕಿ ಏಜೆಂಟರ ಸ್ವಂತ ಸೃಷ್ಟಿಯಲ್ಲ, ಹೊಸ ಕಾರುಗಳ ಆಮದು ನಿಯಮದಲ್ಲಿ ಅದು ಬರುತ್ತದೆ. ನಿಮ್ಮದು ಹೊಸ ಕಾರಲ್ಲ. ಹೊಸದು ಎನ್ನಿಸಿಕೊಳ್ಳಬೇಕಾದರೆ ಅದು ಯಾವ ದೇಶದಲ್ಲೂ ನೋಂದಣಿಯಾಗಿರಬಾರದು, ಮಾರಾಟವಾಗಿರಬಾರದು, ಬಾಡಿಗೆಗೂ ಹೋಗಿರಬಾರದು. ದುಬೈ ನಂಬರ್ ಪ್ಲೇಟ್ ಬಿದ್ದ ದಿನವೇ ಆ ದಾರಿ ಮುಚ್ಚಿತು. ಇದೇ ಏಜೆಂಟರು ನಾಳೆ 2018ರ ಅಧಿಸೂಚನೆಯನ್ನು ನಿಮ್ಮ ಮುಂದೆ ಹಿಡಿಯಬಹುದು. ಒಂದು ಕಂಪನಿಗೆ ವರ್ಷಕ್ಕೆ 2,500 ಕಾರುಗಳವರೆಗೆ ಇಲ್ಲಿನ ಹೋಮೊಲೊಗೇಷನ್‌ನಿಂದ ವಿನಾಯಿತಿ ಇದೆ ಎಂಬುದು ಸತ್ಯ. ಆದರೆ ಅದು ತಯಾರಕ ಕಂಪನಿ ಅಥವಾ ಅದರ ಅಧಿಕೃತ ಪ್ರತಿನಿಧಿ ತರುವ, ಬಲ ಸ್ಟೇರಿಂಗಿನ, ಯುರೋಪ್ ಅಥವಾ ಜಪಾನಿನ ಮಾನದಂಡಕ್ಕೆ ಒಪ್ಪಿಗೆ ಪಡೆದ ಕಾರುಗಳಿಗೆ. ಆ 2,500ರಲ್ಲಿ ಒಂದನ್ನು ನಿಮ್ಮ ಹೆಸರಿಗೆ ಹಾಕಿಸಿಕೊಡುತ್ತೇನೆ ಎನ್ನುವವನು ಮೋಸಗಾರ. ಮೆದು ಮಾತು ಹುಡುಕುವ ತಾಳ್ಮೆ ನನಗಿಲ್ಲ.

120ನೇ ಕಲಮು ಇರುವುದು ನಿಜ. ಎಡ ಸ್ಟೇರಿಂಗಿನ ವಾಹನವನ್ನು ನಿಗದಿತ ಸಂಕೇತ ಸಾಧನವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು ಎಂದು ಅದು ಹೇಳುತ್ತದೆ. ಅದನ್ನು ಅರ್ಧ ಓದಿ ನನಗೆ ಸವಾಲು ಹಾಕುವವರು ಒಂದು ವಿಷಯ ಮರೆಯುತ್ತಾರೆ. ಅದು ಕಾನೂನುಬದ್ಧವಾಗಿ ದೇಶದೊಳಗಿರುವ ವಾಹನ ರಸ್ತೆಯಲ್ಲಿ ಹೇಗೆ ಓಡಬೇಕು ಎಂಬ ನಿಯಮ. ವಾಹನವನ್ನು ದೇಶದೊಳಗೆ ಬಿಡಬೇಕೋ ಬೇಡವೋ ಎಂಬುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಗೆ ಸೇರಿದ್ದು, ಅಲ್ಲಿ ಬಲ ಸ್ಟೇರಿಂಗ್ ಕಡ್ಡಾಯ. ದೆಹಲಿಯಲ್ಲಿ ರಾಯಭಾರ ಕಚೇರಿಯ ಎಡ ಸ್ಟೇರಿಂಗ್ ಕಾರು ಕಂಡಿರೆಂದರೆ ಅದು ರಾಜತಾಂತ್ರಿಕರಿಗೆ ಇರುವ ಸವಲತ್ತು; ನಿಮಗೂ ನನಗೂ ಇಲ್ಲ.

ಹಾಗಾದರೆ ಸ್ಟೇರಿಂಗನ್ನೇ ಬದಲಿಸಿದರೆ? ನನಗೆ ತಲೆ ಬಿಸಿಯಾಗುವುದು ಇಲ್ಲಿಯೇ. ಸ್ಟೇರಿಂಗ್ ಚಕ್ರವನ್ನು ಕಳಚಿ ಆಚೆ ಬದಿಗೆ ಸಿಕ್ಕಿಸುವ ಕೆಲಸ ಇದಲ್ಲ. ಸ್ಟೇರಿಂಗ್ ರ‍್ಯಾಕ್ ಬದಲಾಗಬೇಕು, ಪೆಡಲುಗಳು, ಬ್ರೇಕಿನ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಎಲ್ಲವೂ ಎಡದಿಂದ ಬಲಕ್ಕೆ ಬರಬೇಕು. ಅದಕ್ಕಾಗಿ ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವಿನ ಲೋಹದ ಗೋಡೆಯನ್ನು ಕೊರೆದು ಬೆಸುಗೆ ಹಾಕುತ್ತಾರೆ. ಏರ್‌ಬ್ಯಾಗ್‌ಗಳ ವೈರಿಂಗ್ ಬಿಚ್ಚಿ ಮತ್ತೆ ಜೋಡಿಸುತ್ತಾರೆ. ಡಿಕ್ಕಿಯಾದಾಗ ಸ್ಟೇರಿಂಗ್ ಕಾಲಮ್ ಚಾಲಕನ ಎದೆಗೆ ನುಗ್ಗದೆ ತನ್ನಲ್ಲೇ ಕುಸಿಯಬೇಕು ಎಂದು ತಯಾರಕರು ಪರೀಕ್ಷೆ ಮಾಡಿ ತೋರಿಸಿರುತ್ತಾರೆ. ಗ್ಯಾರೇಜಿನ ಬೆಸುಗೆಗೆ ಅಂಥ ಪರೀಕ್ಷೆ ಯಾರು ಮಾಡಿದ್ದಾರೆ? ಹೀಗೆ ಬದಲಾದ ಕಾರಿಗೆ ಮೂಲ ತಯಾರಕರ ಪ್ರಮಾಣಪತ್ರ ಅನ್ವಯಿಸುವುದಿಲ್ಲ, ಹೊಸದನ್ನು ಕೊಡುವವರೂ ಇಲ್ಲ.

ಇನ್ನು ಹೆಡ್‌ಲೈಟ್. ಸ್ಟೇರಿಂಗ್ ಬದಲಿಸುವವರು ಇದನ್ನು ಮುಟ್ಟುವುದೇ ಇಲ್ಲ. ರಾತ್ರಿ ಕಾರನ್ನು ಗೋಡೆಯ ಎದುರು ನಿಲ್ಲಿಸಿ ಲೋ ಬೀಮ್ ಹಾಕಿ ನೋಡಿ. ಬೆಳಕಿನ ಮೇಲಂಚು ಒಂದು ಬದಿಯಲ್ಲಿ ಸಮತಟ್ಟಾಗಿರುತ್ತದೆ, ಇನ್ನೊಂದು ಬದಿಯಲ್ಲಿ ಮೇಲಕ್ಕೆ ಏರುತ್ತದೆ. ಏರುವ ಬದಿ ರಸ್ತೆಯ ಅಂಚಿಗೆ, ಪಾದಚಾರಿ ಕಾಣಲೆಂದು. ಸಮತಟ್ಟಾದ ಬದಿ ಎದುರಿನಿಂದ ಬರುವವರ ಕಣ್ಣು ಕುಕ್ಕದಿರಲೆಂದು. ದುಬೈಯಲ್ಲಿ ವಾಹನಗಳು ಬಲಕ್ಕೆ ಚಲಿಸುವುದರಿಂದ ನಿಮ್ಮ ಕಾರಿನ ಬೆಳಕು ಬಲಕ್ಕೆ ಏರುತ್ತದೆ. ಅದೇ ದೀಪ ಹಚ್ಚಿಕೊಂಡು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಎದುರಿನ ಲಾರಿ ಚಾಲಕನ ಕಣ್ಣಿಗೇ ಹೊಡೆಯುತ್ತೀರಿ. ಎಡಬದಿ ಸಂಚಾರಕ್ಕೆ ಹೊಂದುವ ಬೆಳಕು ಆಮದಿನ ಷರತ್ತುಗಳಲ್ಲೇ ಒಂದು. ಯುರೋಪಿನ ಮಾನದಂಡದ ದೀಪವಾದರೆ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಸಣ್ಣ ಗುರುತುಗಳಿರುತ್ತವೆ. ದೀಪಕ್ಕೆ ಎದುರಾಗಿ ನಿಂತು ನೋಡಿದಾಗ ನಿಮ್ಮ ಬಲಕ್ಕೆ ತೋರುವ ಬಾಣವಿದ್ದರೆ ಅದು ಎಡಬದಿ ಸಂಚಾರದ ದೀಪ. ಎರಡೂ ತುದಿಗೆ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಬಲಬದಿ ಸಂಚಾರದ್ದು. ಟಾರ್ಚ್ ಹಿಡಿದು ನೋಡಿದರೆ ಎರಡು ನಿಮಿಷದ ಕೆಲಸ, ಏಜೆಂಟರನ್ನು ಕೇಳಬೇಕಾಗಿಲ್ಲ.

ಮಂಗಳೂರು ಬಂದರಿನ ಮಾತು ಬಿಡಿ. ಬಳಸಿದ ವಾಹನಕ್ಕೆ ತೆರೆದಿರುವುದು ಮುಂಬೈ ಬಂದರು ಮಾತ್ರ. ಹಡಗು ಏರುವ ಮುನ್ನ ದುಬೈಯಲ್ಲೇ ಪರೀಕ್ಷೆಯಾಗಿ, ಭಾರತದ ಮೋಟಾರು ವಾಹನ ನಿಯಮಗಳಿಗೆ ಒಪ್ಪುತ್ತದೆ ಎಂಬ ಪ್ರಮಾಣಪತ್ರ ಬೇಕು. ಇಳಿದ ಮೇಲೆ ಪುಣೆಯ ಎಆರ್‌ಎಐನಂತಹ ಮಾನ್ಯ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆ. ಆಮದಿನ ನಂತರ ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆಯೂ ಇರಬೇಕು. ಹೊಗೆಯ ವಿಷಯದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಭಾರತೀಯ ಮಾನದಂಡ ಕಡ್ಡಾಯ. ಆ ಗಡುವನ್ನು ಸಡಿಲಿಸಲು ಸುಪ್ರೀಂ ಕೋರ್ಟೇ 2018ರಲ್ಲಿ ಒಪ್ಪಲಿಲ್ಲ. ನಿಮ್ಮ ಊರಿನ ಆರ್‌ಟಿಒ ಒಪ್ಪುತ್ತಾರೆಂದು ಕಾಯಬೇಡಿ.

ಊರಿಗೆ ಮರಳುವವರ ಸಾಮಾನಿನ ಜೊತೆ ಕಾರಿಗೂ ಸುಂಕದ ರಿಯಾಯಿತಿ ಇದೆ ಎಂಬುದು ಇನ್ನೊಂದು ಭ್ರಮೆ. ಬ್ಯಾಗೇಜಿನ ಸವಲತ್ತಿನಿಂದ ಮೋಟಾರು ವಾಹನವನ್ನು ಹೊರಗಿಟ್ಟಿದ್ದಾರೆ. ಸುಂಕದ ಲೆಕ್ಕ ಶುರುವಾಗುವುದು ಕಾರು ಹೊಸದಿದ್ದಾಗಿನ ಪಟ್ಟಿ ಬೆಲೆಯಿಂದ, ಅದರಲ್ಲಿ ಸವಕಳಿ ಕಳೆಯುತ್ತಾರೆ. ಭಾವನಿಂದ ಅಗ್ಗಕ್ಕೆ ಕೊಂಡ ರಸೀದಿಯನ್ನು ಕಸ್ಟಮ್ಸ್ ಅಧಿಕಾರಿ ಓದಿ ಮಡಚಿಡುತ್ತಾರೆ, ಅಷ್ಟೇ.

ಕಾರನ್ನು ಅಲ್ಲೇ ಮಾರಿ ಬನ್ನಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಕಾರು ಕ್ಯಾಲಿಫೋರ್ನಿಯಾದ ಕಟ್ಟುನಿಟ್ಟಿನ ಹೊಗೆ ನಿಯಮಕ್ಕೇ ಪಾಸಾಗಿದೆ. ಆ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲವೇ? (ದಾವಣಗೆರೆ)

ಉತ್ತರ: ನಡೆಯುವುದಿಲ್ಲ. ಸುರಕ್ಷತೆಯ ಮಟ್ಟಿಗೆ ಅಮೆರಿಕದಲ್ಲಿ ಸರ್ಕಾರ ಮುಂಚಿತವಾಗಿ ಒಪ್ಪಿಗೆ ಪತ್ರ ಕೊಡುವ ಪದ್ಧತಿಯೇ ಇಲ್ಲ. ನಿಯಮ ಪಾಲಿಸಿದ್ದೇನೆಂದು ತಯಾರಕನೇ ಘೋಷಿಸಿಕೊಳ್ಳುತ್ತಾನೆ. ಮೇಲೆ ಎಡ ಸ್ಟೇರಿಂಗ್, ಮೈಲಿಯ ಸ್ಪೀಡೋಮೀಟರ್, ಹಲವು ಕಾರುಗಳಲ್ಲಿ ಕೆಂಪು ಬಣ್ಣದ ಹಿಂದಿನ ಇಂಡಿಕೇಟರ್. ಮಗನಿಗೆ ಶುಭಾಶಯ ತಿಳಿಸಿ.

ಪ್ರಶ್ನೆ: ಊರಿನಲ್ಲಿ ಹೊಗೆ ತಪಾಸಣೆ ಮಾಡಿಸಿ ಪಿಯುಸಿ ಪಡೆದರೆ ಸಾಲದೇ?

ಉತ್ತರ: ಅಂಗಡಿಯಲ್ಲಿ ಬಿಪಿ ನೋಡಿಸಿಕೊಂಡು ಆಂಜಿಯೋಗ್ರಾಂ ಆಯಿತು ಎಂದಂತಾಯಿತು. ಪೆಟ್ರೋಲ್ ಕಾರಿನ ಪಿಯುಸಿ ನೋಡುವುದು ನಿಂತಲ್ಲೇ ಗುರುಗುಟ್ಟುವ ಎಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನನ್ನು. ಒಪ್ಪಿಗೆ ಪರೀಕ್ಷೆಯಲ್ಲಿ ಕಾರನ್ನು ರೋಲರ್ ಮೇಲೆ ಓಡಿಸಿ, ಕಿಲೋಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. ಬಿಎಸ್-6 ಪೆಟ್ರೋಲ್ ಕಾರಿಗೆ ನೈಟ್ರೋಜನ್ ಆಕ್ಸೈಡುಗಳ ಮಿತಿ ಕಿಲೋಮೀಟರಿಗೆ 0.06 ಗ್ರಾಂ. ಪಿಯುಸಿ ಯಂತ್ರ ನೈಟ್ರೋಜನ್ ಆಕ್ಸೈಡಿನ ಗೊಡವೆಗೇ ಹೋಗುವುದಿಲ್ಲ.

ಪ್ರಶ್ನೆ: ಯುರೋಪಿನ ಡಿಕ್ಕಿ ಪರೀಕ್ಷೆಯಾದ ಯುರೋ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆದ ಕಾರಿಗೆ ಮತ್ತೇಕೆ ಸುರಕ್ಷತಾ ಪರೀಕ್ಷೆ?

ಉತ್ತರ: ನಕ್ಷತ್ರಗಳು ಕೊಳ್ಳುವವರಿಗಾಗಿ ಕೊಡುವ ಅಂಕ, ಸರ್ಕಾರದ ಒಪ್ಪಿಗೆಯಲ್ಲ. 2023ರ ಅಕ್ಟೋಬರ್‌ನಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್‌ಗೂ ಇದೇ ಮಾತು.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲವಲ್ಲ?

ಉತ್ತರ: ಬ್ಯಾಟರಿ ಇದೆಯಲ್ಲ. ಅದರ ಸುರಕ್ಷತೆಗೆ ಪ್ರತ್ಯೇಕ ಪರೀಕ್ಷೆಗಳಿವೆ.

ಪ್ರಶ್ನೆ: ಲಂಡನ್ನಿನಿಂದ ಕಾರ್ನೆಟ್ (ಸುಂಕ ಕಟ್ಟದೆ ತಾತ್ಕಾಲಿಕವಾಗಿ ವಾಹನ ತರುವ ದಾಖಲೆ) ಮೇಲೆ ಕಾರು ತಂದು ಇಲ್ಲೇ ನೋಂದಾಯಿಸಬಹುದೇ?

ಉತ್ತರ: ಇಲ್ಲ. ಕಾರ್ನೆಟ್ ಮೇಲೆ ಬಂದ ಕಾರು ಅವಧಿಯೊಳಗೆ ಹೊರಗೆ ಹೋಗಲೇಬೇಕು.

ಪ್ರಶ್ನೆ: ಬೇರೆ ರಾಜ್ಯದ ನೋಂದಣಿ ಇರುವ ವಿದೇಶಿ ಎಸ್‌ಯುವಿ ಅರ್ಧ ಬೆಲೆಗೆ ಸಿಗುತ್ತಿದೆ. ಆರ್‌ಸಿ ಸರಿಯಾಗಿದೆ. ಕೊಳ್ಳಲೇ? (ಮೈಸೂರು)

ಉತ್ತರ: 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ನಡೆಸಿದ ‘ನುಮ್ಖೋರ್’ ಕಾರ್ಯಾಚರಣೆಯ ಸುದ್ದಿ ಓದಿಲ್ಲವೇ? ಭೂತಾನಿನಿಂದ ಕಳ್ಳದಾರಿಯಲ್ಲಿ ಬಂದು, ಸುಳ್ಳು ದಾಖಲೆಗಳ ಮೇಲೆ ಬೇರೆ ರಾಜ್ಯಗಳಲ್ಲಿ ನೋಂದಣಿಯಾದವು ಎಂಬ ಆರೋಪದ ಮೇಲೆ ಹೆಸರಾಂತ ನಟರ ಮನೆಗಳಲ್ಲೂ ತಪಾಸಣೆ ನಡೆದು ವಾಹನಗಳು ಜಪ್ತಿಯಾದವು. ಆ ವಾಹನಗಳಿಗೂ ಆರ್‌ಸಿ ಇತ್ತು. ಮಾರುವವರ ಬಳಿ ಆರ್‌ಸಿ ಕೇಳಬೇಡಿ, ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ದಾಖಲೆ ಕೇಳಿ. ಅದರಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಯೊಂದಿಗೆ ನೀವೇ ತಾಳೆ ನೋಡಿ. ‘ಅದು ಮೊದಲ ಮಾಲೀಕರ ಹತ್ತಿರ ಇದೆ, ನಾಳೆ ತರಿಸಿಕೊಡುತ್ತೇನೆ’ ಎಂದರೆ ಮೈಸೂರಿನ ಬಸ್ ಹತ್ತಿ.