ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ: ಪ್ರಥಮ ಪಿಯುಸಿ ವಿದ್ಯಾರ್ಥಿನಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಕಲೇಶಪುರ ಕಡೆಯ ಹುಡುಗಿ, ವಯಸ್ಸು 16. ಹತ್ತರವರೆಗೆ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಶೇ 91. ಹಾಸನದಲ್ಲಿ ಇಂಗ್ಲಿಷ್ ಮಾಧ್ಯಮದ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಸೇರಿ ಹಾಸ್ಟೆಲ್‌ನಲ್ಲಿದ್ದಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಫೇಲು. ಟೆಸ್ಟ್ ದಿನ ತಲೆನೋವು. ಶನಿವಾರ ಬಂದರೆ ಊರಿನ ಬಸ್ಸು. ಅವಳನ್ನು ಆಪ್ತಸಮಾಲೋಚನೆಗೆ ಕರೆತಂದ ತಂದೆ ಕೂತವರೇ ಹೇಳಿದರು: “ಕನ್ನಡ ಶಾಲೇಲಿ ಓದಿಸಿದ್ದೇ ತಪ್ಪಾಯ್ತು ಮೇಡಂ. ಸ್ಪೋಕನ್ ಇಂಗ್ಲಿಷ್‌ಗೆ ಸೇರಿಸ್ತೀನಿ, ಆಗ್ಲಿಲ್ಲ ಅಂದ್ರೆ ಆರ್ಟ್ಸ್‌ಗೆ ಹಾಕ್ತೀನಿ.”

ನಿದ್ದೆ, ಊಟ ಹೇಗಿದೆ, ಸಾಯುವ ಯೋಚನೆ ಬಂದಿದೆಯೇ ಎಂಬುದನ್ನು ತಂದೆಯನ್ನು ಹೊರಗೆ ಕೂರಿಸಿ ನೇರವಾಗಿ ಕೇಳಲಾಯಿತು. ಅಪಾಯದ ಸೂಚನೆ ಇರಲಿಲ್ಲ. ಆದರೂ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡಲಾಯಿತು.

ಆಮೇಲೆ ಚಲನೆಯ ಮೇಲೆ ನಾಲ್ಕು ಲೆಕ್ಕ: ಮೊದಲು ಇಂಗ್ಲಿಷಿನಲ್ಲಿ, ಬಳಿಕ ಅಂಕಿ ಬದಲಿಸಿ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಒಂದು ಸರಿ, ಕನ್ನಡದಲ್ಲಿ ನಾಲ್ಕೂ. ವೆಲಾಸಿಟಿ, ಫೋರ್ಸ್ ಅವಳಿಗೆ ತೊಡಕೇ ಅಲ್ಲ. ಎಡವಿದ್ದು ‘ನೆಗ್ಲೆಕ್ಟಿಂಗ್’ (ಲೆಕ್ಕಕ್ಕೆ ಹಿಡಿಯದೆ), ‘ರೆಸ್ಪೆಕ್ಟಿವ್ಲಿ’ (ಅನುಕ್ರಮವಾಗಿ), ‘ಹೆನ್ಸ್ ಶೋ’ (ಇದರಿಂದ ತೋರಿಸಿ) ಇಂಥಲ್ಲಿ. ಪಾರಿಭಾಷಿಕ ಪದಗಳ ಪಟ್ಟಿಯಲ್ಲಿ ಇವು ಇರುವುದಿಲ್ಲ, ಪಾಠದಲ್ಲಿ ಯಾರೂ ಬಿಡಿಸಿ ಹೇಳುವುದೂ ಅಪರೂಪ. ಹಾಗಾಗಿ ನೋಟ್ಸ್ ಉರುಹೊಡೆಯುತ್ತಿದ್ದಳು. ಪ್ರಶ್ನೆ ಸ್ವಲ್ಪ ತಿರುಗಿದರೂ ಪೆನ್ನು ನಿಂತುಬಿಡುತ್ತಿತ್ತು.

ಸ್ಪೋಕನ್ ಇಂಗ್ಲಿಷ್ ಸದ್ಯ ಬೇಡವೆಂದೆವು. ಪರಿಚಯ ಹೇಳಿಕೊಳ್ಳುವ ಇಂಗ್ಲಿಷಿನಿಂದ ಭೌತಶಾಸ್ತ್ರದ ಪುಟ ಓದಲು ಬರುವುದಿಲ್ಲ. ತಂದೆಯ ಆತಂಕ ಸುಳ್ಳೇನಲ್ಲ: ವೈದ್ಯಕೀಯ, ಎಂಜಿನಿಯರಿಂಗ್ ಪುಸ್ತಕಗಳು, ಸಂಶೋಧನಾ ಪತ್ರಿಕೆಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಆದರೆ ಅದಕ್ಕೆ ಬೇಕಿರುವುದು ಮೊದಲು ಓದು, ಆಮೇಲೆ ಬರವಣಿಗೆ. ಮಾತು ನಿಧಾನಕ್ಕೆ ಬಂದರೂ ನಡೆಯುತ್ತದೆ.

ಓದಿಗೆ ಅವಳಿಗೆ ಹಾಕಿಕೊಟ್ಟ ಕ್ರಮ ಇದು: ದಿನಕ್ಕೆ 40 ನಿಮಿಷ, ನಾಳೆಯ ಪಾಠದ ಎರಡು ಪುಟ ಇವತ್ತೇ. ಮೊದಲ ಓದಿನಲ್ಲಿ ನಿಘಂಟು ಮುಟ್ಟದೆ, ಚಿತ್ರ, ಸೂತ್ರ ನೋಡಿ ವಿಷಯ ಊಹಿಸಬೇಕು. ಎರಡನೇ ಸಲ ಹೆಚ್ಚೆಂದರೆ ಎಂಟು ಪದಗಳಿಗೆ ಗೆರೆ, ಅರ್ಥದ ಜೊತೆ ಇಡೀ ವಾಕ್ಯವನ್ನೂ ಬರೆದುಕೊಳ್ಳಬೇಕು. ಉತ್ಸಾಹದಲ್ಲಿ ಮೂವತ್ತು ಪದ ಬರೆಯುವ ಮಕ್ಕಳು ವಾರದೊಳಗೆ ಕೈಬಿಡುತ್ತಾರೆ. ಕೊನೆಗೆ ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆಯುವುದು. ಸಾಲುಸಾಲಿಗೂ ಕನ್ನಡ ಅರ್ಥ ಕೊಟ್ಟಿರುವ ಗೈಡ್ ಬೇಡ. ಕಣ್ಣು ಇಂಗ್ಲಿಷ್ ಸಾಲನ್ನು ಹಾರಿ ಕೆಳಗಿನದಕ್ಕೇ ಹೋಗುತ್ತದೆ. ಸಂದೇಹವನ್ನು ಕನ್ನಡದಲ್ಲೇ ಕೇಳಲು ಬಿಡಿ ಎಂದು, ಅವಳ ಒಪ್ಪಿಗೆ ಪಡೆದು, ಉಪನ್ಯಾಸಕರಿಗೆ ಚೀಟಿ ಕಳಿಸಲಾಯಿತು.

ತಂದೆಗೆ ಗೊತ್ತಿರದ ಸಂಗತಿಯೊಂದಿತ್ತು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಮೀಸಲಾತಿ ಇದೆ. ಗ್ರಾಮೀಣ ಮೀಸಲಾತಿ ಬೇರೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯನ್ನು ಈಗಲೇ ಮಾಡಿಸಿಟ್ಟರೆ ಆಮೇಲಿನ ಓಡಾಟ ತಪ್ಪುತ್ತದೆ. ನೀಟ್ ಅರ್ಜಿಯಲ್ಲಿ ಕನ್ನಡ ಆರಿಸಿದರೆ ಪ್ರಶ್ನೆಗಳು ಎರಡೂ ಭಾಷೆಯಲ್ಲಿ ಸಿಗುತ್ತವೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ.

ವಿಭಾಗ ಬದಲಿಸಲು ಕೊನೆಯ ದಿನ ಯಾವುದೆಂದು ಕಾಲೇಜು ಕಚೇರಿಯಲ್ಲಿ ಕೇಳಿಕೊಂಡು ಬರಲು ತಂದೆಗೆ ಹೇಳಿದ್ದೇವೆ. ಅದಕ್ಕೆ ವಾರ ಮೊದಲು ಎರಡೂ ಭಾಷೆಯಲ್ಲಿ ಮತ್ತೆ ಲೆಕ್ಕ ಕೊಡಲಾಗುತ್ತದೆ. ಅಂತರ ಕಡಿಮೆಯಾಗುತ್ತಿದ್ದರೆ, ಅವಳಿಗೂ ಇಷ್ಟವಿದ್ದರೆ, ವಿಜ್ಞಾನವೇ ಮುಂದುವರಿಯಲಿ. ಕನ್ನಡದಲ್ಲೂ ತಪ್ಪಿದರೆ ತೊಡಕು ಭಾಷೆಯದಲ್ಲ, ಆಗ ಬೇರೆಯದೇ ಮಾತುಕತೆ ಬೇಕು.