ಬಿಡುವಿನಲ್ಲಿ ಯಾರೂ ಮಾತಾಡಲಿಲ್ಲ ಅಂದಿರಲ್ಲ, ಅದಕ್ಕೆ ಉತ್ತರ

ನಿಮ್ಮ ಪೋಸ್ಟ್ ಓದಿದೆ. ನಮ್ಮ ಹಾಗೇ ಅಂಚೆಚೀಟಿ ಹುಚ್ಚಿನ 90 ಜನ ಆನ್‌ಲೈನ್ ಸಮ್ಮೇಳನಕ್ಕೆ ಬಂದರು, ಉಪನ್ಯಾಸಗಳು ಚೆನ್ನಾಗಿದ್ದವು, ಆದರೆ "ಈಗ ಎಲ್ಲರೂ ಆರಾಮಾಗಿ ಮಾತಾಡಿ" ಅಂದ ಕೂಡಲೇ ಕ್ಯಾಮೆರಾಗಳೆಲ್ಲ ಆಫ್ ಆದವು ಅಂದಿದ್ದೀರಿ. ನಾನು ಇಂಥವು ಮೂರು ನಡೆಸಿದ್ದೇನೆ. ಮೊದಲನೆಯದು ಥೇಟ್ ನಿಮ್ಮದರ ಹಾಗೇ ನೆಲಕಚ್ಚಿತು.

ಬಂದವರದ್ದೇನೂ ತಪ್ಪಿಲ್ಲ. ಸಭಾಂಗಣದಲ್ಲಾದರೆ ಬಿಡುವಿನಲ್ಲಿ ಅಲ್ಲಿ ಮೂವರು, ಇಲ್ಲಿ ನಾಲ್ವರು ನಿಂತು ಹರಟುತ್ತಾರೆ. ಜೂಮ್‌ನಲ್ಲಿ ಒಬ್ಬರು ಬಾಯಿ ತೆರೆದರೆ ಉಳಿದ 89 ಜನ ಕೇಳಲೇಬೇಕು. ಅದು ಹರಟೆಯಲ್ಲ, ಇನ್ನೊಂದು ಉಪನ್ಯಾಸ! ಜೊತೆಗೆ ದನಿ ತಡವಾಗಿ ತಲುಪುವ ಕಾಟ. ಎದುರು ಕೂತಾಗ ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸುಮಾರು 200 ಮಿಲಿಸೆಕೆಂಡ್ ಅಂತರ ಇರುತ್ತದೆ. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ ಕಂಡಿತ್ತು. ಇಂಟರ್ನೆಟ್‌ನಲ್ಲಿ ದನಿ ಹೋಗಿ ಬರಲು ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದಕ್ಕೇ ಇಬ್ಬರೂ ಒಟ್ಟಿಗೆ ಶುರು ಮಾಡಿ, "ನೀವು ಹೇಳಿ, ನೀವು ಹೇಳಿ" ಅಂದು, ಇಬ್ಬರೂ ಸುಮ್ಮನಾಗುವುದು.

ಹಾಗಾಗಿ ಬ್ರೇಕ್‌ಔಟ್ ರೂಮ್ ಮಾಡಿ, ಅಂದರೆ ಮೀಟಿಂಗನ್ನು ಪುಟ್ಟ ಪುಟ್ಟ ಗುಂಪುಗಳಾಗಿ ಒಡೆಯಿರಿ, ರೂಮಿಗೆ ನಾಲ್ಕೇ ಜನ. ಐದು ನಡೆಯುತ್ತದೆ. ಎಂಟಾದರೆ ಇಬ್ಬರು ಮಾತಾಡುತ್ತಾರೆ, ಆರು ಜನ ತಲೆಯಾಡಿಸುತ್ತಾರೆ. ಇಬ್ಬರೇ ಬೇಡ, ಒಬ್ಬರ ನೆಟ್ ಹೋದರೆ ಇನ್ನೊಬ್ಬರು ಗೋಡೆ ನೋಡುತ್ತಾ ಕೂರಬೇಕು. ಇಪ್ಪತ್ತು ನಿಮಿಷವಾದರೂ ಕೊಡಿ. ಮೊದಲ ಐದು "ಕೇಳಿಸ್ತಿದೆಯಾ" ಅನ್ನುವುದರಲ್ಲೇ ಹೋಗುತ್ತದೆ.

ಇನ್ನು ನಾನು ಬಿದ್ದು ಕಲಿತದ್ದು. "ನಿಮ್ಮ ಪರಿಚಯ ಹೇಳಿ" ಅಂತ ಶುರು ಮಾಡಲೇಬೇಡಿ, ಸಂದರ್ಶನದ ಹಾಗಾಗುತ್ತದೆ. ಎರಡನೇ ಸಲ ನಾನು ಎರಡು ದಿನ ಮೊದಲೇ ಮೇಲ್ ಕಳಿಸಿದೆ: ಯಾವ ದೇಶದ್ದು ಅಂತ ನಿಮಗೇ ಗೊತ್ತಾಗದ ಒಂದು ಚೀಟಿ ಪಕ್ಕದಲ್ಲಿಟ್ಟುಕೊಂಡು ಕೂರಿ. ನನ್ನ ರೂಮಿನಲ್ಲಿ ಹೊಸಬರೊಬ್ಬರು ಚಿಮುಟದಲ್ಲಿ ಚೀಟಿ ಹಿಡಿದರು. ಕ್ಯಾಮೆರಾ ಅವರ ಮೂಗನ್ನೇ ಫೋಕಸ್ ಮಾಡುತ್ತಿತ್ತು. "ಸ್ವಲ್ಪ ಹಿಂದೆ." "ಲೈಟು ಹೊಡೀತಿದೆ, ಓರೆ ಮಾಡಿ." "ಅಕ್ಷರ ಉಲ್ಟಾ ಇದೆ ಅಲ್ವಾ?" ಅಂತ ಅವರು, "ನಿಮಗೆ ಮಾತ್ರ ಹಾಗೆ ಕಾಣೋದು, ನಮಗೆ ಸರಿಯಾಗೇ ಇದೆ" ಅಂತ ನಾವು. ಕೊನೆಗೆ ಹೆಲ್ವೆಟಿಯಾ ಅಂತ ಓದಿದೆವು. ಅಲ್ಲಿಯವರೆಗೆ ಚಕಾರ ಎತ್ತದಿದ್ದ ಮೇಡಂ ಒಬ್ಬರು ಮೈಕ್ ಆನ್ ಮಾಡಿ, "ಅದು ಸ್ವಿಟ್ಜರ್ಲೆಂಡ್. ಅಲ್ಲಿ ನಾಲ್ಕು ಭಾಷೆ, ಯಾವುದರಲ್ಲಿ ಬರೆದರೂ ತಕರಾರು, ಅದಕ್ಕೆ ಲ್ಯಾಟಿನ್ ಹೆಸರು" ಅಂದರು. ಆಮೇಲೆ ಅವರನ್ನು ನಿಲ್ಲಿಸಲು ಆಗಲಿಲ್ಲ. ರೂಮ್ ಮುಚ್ಚುವ 60 ಸೆಕೆಂಡ್ ಎಣಿಕೆ ಶುರುವಾದಾಗ ಚಾಟ್‌ನಲ್ಲಿ ಮೇಲ್ ವಿಳಾಸ ಬರೆದುಕೊಳ್ಳುವ ಗಡಿಬಿಡಿ.

ಪ್ರತಿ ರೂಮಿಗೂ ಒಬ್ಬ ಹಳಬರನ್ನು ಹಾಕಿ. "ಯಾರಿಗಾದರೂ ಪ್ರಶ್ನೆ ಇದೆಯಾ?" ಅನ್ನುವುದು ಬೇಡ ಅಂತ ಅವರಿಗೆ ಮೊದಲೇ ಹೇಳಿಡಿ. ಹೆಸರು ಹಿಡಿದು ಸುಲಭದ್ದೇನಾದರೂ ಕೇಳಲಿ, ಕೇಳಿ ಹತ್ತು ಎಣಿಸಲಿ. ಆ ಹತ್ತು ಸೆಕೆಂಡ್ ಸುಮ್ನೆ ಕೂರುವುದೇ ಕಷ್ಟ.

ಕ್ಯಾಮೆರಾ ಆನ್ ಮಾಡಿ ಅಂತ ಪೀಡಿಸಬೇಡಿ. ವಿಡಿಯೋ ಸಭೆ ಯಾಕೆ ಸುಸ್ತು ಮಾಡುತ್ತದೆ ಅಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದಾಗ ಕೊಟ್ಟ ಕಾರಣಗಳಲ್ಲಿ ಒಂದು, ಹೊತ್ತೆಲ್ಲ ನಮ್ಮ ಮುಖವನ್ನೇ ನಾವು ನೋಡುತ್ತಾ ಕೂರುವುದು. ಜೂಮ್‌ನಲ್ಲಿ ನಮ್ಮ ಮುಖ ನಮಗೆ ಮಾತ್ರ ಕಾಣದ ಹಾಗೆ ಮಾಡುವ ಹೈಡ್ ಸೆಲ್ಫ್ ವ್ಯೂ ಇದೆ, ತೋರಿಸಿಕೊಡಿ. ಉಪನ್ಯಾಸದ ಹೊತ್ತಿಗೆ ಆಫ್ ಇದ್ದರೆ ಇರಲಿ ಬಿಡಿ.

ಬಿಡುವನ್ನು ಮಾತ್ರ ಬಿಡುವಾಗೇ ಇಡಿ, ರೂಮಿಗೆ ಬೇರೆ ಹೊತ್ತು ಕೊಡಿ. ನಾನೊಮ್ಮೆ ಬಿಡುವಿನಲ್ಲೇ ರೂಮ್ ತೆರೆದು ಬೈಸಿಕೊಂಡೆ. ಜನಕ್ಕೆ ಎದ್ದು ಓಡಾಡಬೇಕಿತ್ತು, ಪಾಪ.

ಗ್ಯಾದರ್ ಥರದ ಆನ್‌ಲೈನ್ ತಾಣಗಳಲ್ಲಿ ತೆರೆಯ ಮೇಲೆ ಪುಟ್ಟ ಗೊಂಬೆ ಓಡಿಸಿಕೊಂಡು ಯಾರ ಹತ್ತಿರ ಹೋಗುತ್ತೀರೋ ಅವರ ದನಿ ಕೇಳಿಸುತ್ತದೆ. ಮಜಾ ಇದೆ, ಆದರೆ ಕಲಿಸಲು ಹೊತ್ತು ಬೇಕು, ಮೊದಲ ಸಲಕ್ಕೆ ಬೇಡ. ಅಂಕ ಕೊಡುವ ಕ್ವಿಜ್ ನನಗಂತೂ ಸೇರುವುದಿಲ್ಲ. ಗೆದ್ದವರು ಯಾರು ಅಂತ ಗೊತ್ತಾಗುತ್ತದೆ, ಅಷ್ಟೇ.

ಮುಗಿದ ಮೇಲೆ ಮೀಟಿಂಗನ್ನು ಅರ್ಧ ಗಂಟೆ ತೆರೆದಿಡಿ. ನಮ್ಮಲ್ಲಿ ಕಳೆದ ಸಲ ಹನ್ನೊಂದು ಜನ ಉಳಿದಿದ್ದರು. ನಿಮ್ಮ ಮುಂದಿನ ದಿನಾಂಕ ಗೊತ್ತಾದರೆ ಇಲ್ಲೇ ಹಾಕಿ, ಒಂದು ರೂಮ್ ನಾನು ನೋಡಿಕೊಳ್ಳುತ್ತೇನೆ.